ಅರ್ಧ ಬಟ್ಟಲು

ತಾಮ್ರದ ಬಟ್ಟಲು. ತಳದಲ್ಲಿ ಒಂದೇ ತೂತು,
ಸೂಜಿಮೊನೆ ತೂರುವಷ್ಟು.
ಬಕೆಟ್ಟಿನ ನೀರ ಮೇಲೆ ತೇಲಿಬಿಡುತ್ತೇನೆ.
ನೀರು ಕೆಳಗಿನಿಂದ ಎಳೆಯಾಗಿ ಏರುತ್ತದೆ,
ಅಂಚು ಮುಟ್ಟುತ್ತದೆ, ಬಟ್ಟಲು ಗುಳಕ್ಕನೆ ಮುಳುಗುತ್ತದೆ.
ಖರ್ಜೂರದ ಗರಿಗೆ ಒಂದು ಗಂಟು.
ಅಷ್ಟೇ ನನ್ನ ಕೆಲಸ. ನಮ್ಮಪ್ಪನದೂ ಅದೇ.

ಅಲ್ನಿಫ್ ದಾಟಿ ಅರ್ಧ ದಿನ ನಡೆದರೆ ನಮ್ಮೂರು.
ಬೆಟ್ಟದ ಬುಡದಿಂದ ನೆಲದೊಳಗೇ ಬರುತ್ತದೆ ಕಾಲುವೆ,
ಎಪ್ಪತ್ತು ಬಾವಿಬಾಯಿಗಳ ಕೆಳಗೆ ತಲೆ ತಗ್ಗಿಸಿ ಹಾದು
ಊರ ಹತ್ತಿರ ಬಯಲಿಗೆ ಬಂದು
ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತದೆ.
ತಾತನ ಕಾಲಕ್ಕೆ ಮೊಣಕಾಲು ಮುಳುಗುತ್ತಿತ್ತಂತೆ.
ಈಗ ಹಿಮ್ಮಡಿ.
ಹಿಮ್ಮಡಿಯೂ ಇಲ್ಲ ಅನ್ನುವವರು ಇದ್ದಾರೆ, ಸುಳ್ಳಲ್ಲ.

ಅದರಲ್ಲೇ ಪಾಲು.
ಬಾಸ್ಸುವಿನ ಮನೆಗೆ ನಾಲ್ಕು ಬಟ್ಟಲು,
ಉಬಾಹನಿಗೆ ಮೂರು,
ಮಸೀದಿಯ ಖರ್ಜೂರದ ಮರಗಳಿಗೆ ಎರಡು,
ತೂದಾಗೆ ಅರ್ಧ.
ಅಣ್ಣಂದಿರು ನೀರು ಹಂಚಿಕೊಂಡ ದಿನ
ಅವಳು ಒಳಗೆ ಅವರಿಗೇ ರೊಟ್ಟಿ ಬೇಯಿಸುತ್ತಿದ್ದಳು.
ಅರ್ಧ ಬಟ್ಟಲಿಗೆ ಗಂಟಿಲ್ಲ.
ಗರಿಯನ್ನು ಒಮ್ಮೆ ಮಡಚುತ್ತೇನೆ, ಬಿಡುತ್ತೇನೆ.

ಅರ್ಧ ಬಟ್ಟಲಿಗೆ ಏನು ಬೆಳೆದೀತು?
ಕುದುರೆಮೆಂತೆ ಆಗದು, ಬಾರ್ಲಿ ಆಗದು.
ಅವಳು ಜೀರಿಗೆ ಬಿತ್ತಿದಳು,
ಮರಳಲ್ಲಿ ಕಲಸಿ, ಮೂರು ಬೆರಳ ಚಿಟಿಕೆಯಲ್ಲಿ,
ಅಡುಗೆಗೆ ಹಾಕುವ ಹಾಗೆ.
ಚಾಪೆಯಷ್ಟಗಲದ ಆರು ಮಡಿ,
ಗಾಳಿ ಬರುವ ಕಡೆ ಒಂದು ಸಾಲು ಕಲ್ಲು.

ಮೊಳಕೆ ಕೂಸಿನ ತಲೆಗೂದಲಿನಂತೆ ಬಂತು.
ರಾತ್ರಿ ಅವಳ ಸರದಿ ಮುಗಿದ ಮೇಲೂ
ಲಾಟೀನು ಅಲ್ಲೇ ಕೂತಿರುತ್ತಿತ್ತು.
ಮಣ್ಣೊಳಗೆ ಬೆರಳಿಟ್ಟು ನೋಡುತ್ತಿದ್ದಳು,
ಜ್ವರದ ಹಣೆ ಮುಟ್ಟಿ ನೋಡುವ ಹಾಗೆ.

ನನಗೆ ತಡೆಯಲಾಗಲಿಲ್ಲ.
ಮಾರ್ಚಿಯ ಒಂದು ರಾತ್ರಿ ಬಟ್ಟಲು ಪೂರಾ ಮುಳುಗಿತು,
ಎತ್ತಿ ಮತ್ತೆ ಬಿಟ್ಟೆ, ಮತ್ತೆ ಮುಳುಗಿತು,
ನಾನು ‘ಸಾಕು’ ಎಂದು ಕೂಗಲಿಲ್ಲ.
ಕಾಲುವೆಯ ಆ ತುದಿಯಲ್ಲಿ ಕತ್ತಲಲ್ಲಿ
ನನ್ನ ಕೂಗಿಗೇ ಕಾಯುತ್ತ ನಿಂತಿದ್ದಳು.
ಮುಂದಿನ ಸರದಿಯಲ್ಲೂ ಹಾಗೇ. ಅದರ ಮುಂದಿನದರಲ್ಲೂ.
ಮಸೀದಿಯ ಮರಗಳು ದೂರು ಹೇಳುವುದಿಲ್ಲ.

ಹತ್ತು ದಿನಕ್ಕೆ ಒಂದು ಮೂಲೆ ಹಳದಿಯಾಯಿತು.
ಆಮೇಲೆ ತುದಿಗಳು ಬಾಗಿದವು,
ಹೆಗಲ ಮೇಲೆ ನಿದ್ದೆಹೋದ ಮಗುವಿನ ಕತ್ತಿನಂತೆ.
ಆಮೇಲೆ ಮಡಿಗೆ ಮಡಿಯೇ.

ಬೆಳಗ್ಗೆ ಬಂದಳು. ಒಂದು ಹಿಡಿ ಗಿಡ
ಬುಡಸಮೇತ ಬಕೆಟ್ಟಿನ ಅಂಚಿಗಿಟ್ಟಳು.
ಬೇರು ಕಂದಾಗಿ, ಉಗುರು ತಾಗಿದರೆ ಸುಲಿಯುತ್ತಿತ್ತು.
‘ಯಾರ ನೀರು?’ ಎಂದಳು.
ನಾನು ಗರಿಯ ಗಂಟುಗಳನ್ನು ಎಣಿಸತೊಡಗಿದೆ.
‘ನನ್ನ ಅರ್ಧ ನನಗೆ ಗೊತ್ತಿತ್ತು ಹಮ್ಮೂ,
ಅರ್ಧಕ್ಕೆ ಬದುಕುವುದನ್ನೇ ಹುಡುಕಿ ಬಿತ್ತಿದ್ದೆ.
ನನ್ನ ಲೆಕ್ಕ ತಿದ್ದು ಅಂತ
ಯಾರಾದರೂ ಕೇಳಿದ್ದರಾ?’

ಕಲ್ಲುಸಾಲಿನ ಪಕ್ಕ, ನೀರು ಹತ್ತಲಾರದ ದಿಬ್ಬದಲ್ಲಿ
ಒಂದು ಗೇಣು ಉಳಿದಿತ್ತು.
ಕುಳ್ಳು ಗಿಡಗಳು, ಮೈಯೆಲ್ಲ ಧೂಳು.
ಮೇ ತಿಂಗಳಲ್ಲಿ ತಲೆವಸ್ತ್ರದ ಮೇಲೆ ಬಡಿದಳು.
ಒಂದು ಟೀ ಲೋಟ ತುಂಬಲಿಲ್ಲ.
ಘಮ ಮಾತ್ರ ನಾಲ್ಕು ಗೋಡೆ ದಾಟಿ
ನಾನು ಕೂತಲ್ಲಿಗೆ ಬಂತು.
ಮಾರಲಿಲ್ಲ, ತಿನ್ನಲಿಲ್ಲ, ಗಂಟು ಕಟ್ಟಿ ತೂಗುಹಾಕಿದಳು.
ಮರುವರ್ಷ ಬಿತ್ತಿದ್ದು ಅದನ್ನೇ.

ಮಸೀದಿಗೆ ನನ್ನ ಪಾಲಿನಿಂದ ತೀರಿಸಿದ್ದೇನೆ,
ಯಾರಿಗೂ ಹೇಳದೆ, ಒಂದೊಂದೇ ಬಟ್ಟಲು.
ಬಟ್ಟಲೊಳಗೆ, ನಟ್ಟನಡುವೆ,
ಮೊಳೆಯಿಂದ ಒಂದು ಗೆರೆ ಗೀಚಿದ್ದೇನೆ.
ಅವಳ ಸರದಿಯಲ್ಲಿ ಕೆಮ್ಮು ಬಂದರೂ ತಲೆ ಎತ್ತುವುದಿಲ್ಲ.
ನೀರು ಗೆರೆ ಮುಟ್ಟುತ್ತದೆ,
ಕೂಗಲು ಬಾಯಿ ತೆರೆಯುತ್ತೇನೆ,

ಅಷ್ಟರಲ್ಲಿ ಆ ತುದಿಯಲ್ಲಿ
ಮಡೆಗೆ ಹಸಿಮಣ್ಣು ಬೀಳುವ ಸದ್ದು.